ಓದದೆ ಮೆಚ್ಚಿದವರು, ಓದದೆ ಮುನಿದವರು

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಪತ್ರಿಕೆಗಳ ಭಾನುವಾರದ ಪುರವಣಿಗಳಿಗೆ ಒಂದು ವಾಡಿಕೆಯ ಕೆಲಸ. ಹತ್ತಿಪ್ಪತ್ತು ಮಂದಿ ಲೇಖಕರನ್ನು ಕೇಳಿ, ಆ ವರ್ಷ ಅವರು ಮೆಚ್ಚಿದ ಪುಸ್ತಕಗಳ ಹೆಸರು ಬರೆಸಿ, ಮುಖಪುಟಗಳ ಚಿತ್ರದೊಂದಿಗೆ ಅಚ್ಚು ಹಾಕುವುದು. ಒಂದು ಹೆಸರು ಗೆಳೆಯರದು, ಒಂದು ಹಿರಿಯರದು, ಇನ್ನೊಂದು ಇಂಗ್ಲಿಷಿನದು. ಯಾರನ್ನೂ ನೋಯಿಸದ, ಯಾರನ್ನೂ ಅಲುಗಾಡಿಸದ ಪಟ್ಟಿ. ಫೆಬ್ರವರಿಯ ಹೊತ್ತಿಗೆ ಆ ಪುಟ ಬೋಂಡ ಕಟ್ಟಿಕೊಡಲು ಒದಗುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲವಲ್ಲ ಎಂದುಕೊಂಡು ನಾವೆಲ್ಲ ಸುಮ್ಮನಿರುತ್ತೇವೆ. ಆದರೆ 2025ನೇ ಇಸವಿಯ ಓದಿನ ಲೆಕ್ಕವನ್ನು ಕೂಡಿ ಕಳೆದು ನೋಡಲು ಕುಳಿತರೆ ಸುಮ್ಮನಿರಲು ಸಾಧ್ಯವಾಗುವುದಿಲ್ಲ. ಏಕೆಂದರೆ ಆ ವರ್ಷ ಕನ್ನಡದ ಒಬ್ಬ ಲೇಖಕಿಯ ಹೆಸರು ನಾಡಿನ ಮನೆಮನೆಯಲ್ಲೂ ಕೇಳಿಬಂತು. ಆಕೆಯ ಕತೆಗಳನ್ನು ಓದಿದ ಮನೆಗಳು ಎಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಸಂಗತಿ ಎಲ್ಲರಿಗೂ ಗೊತ್ತಿರುವುದೇ. 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. 1990ರಿಂದ 2023ರವರೆಗೆ ಅವರು ಬರೆದ ಕತೆಗಳಲ್ಲಿ ಹನ್ನೆರಡನ್ನು ಆರಿಸಿ ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಿದ್ದರು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಗೌರವ ಸಂದದ್ದೂ ಅದೇ ಮೊದಲು. ಊರೂರಲ್ಲಿ ಸನ್ಮಾನಗಳಾದವು. ಹಾರ, ಶಾಲು, ಹಣ್ಣಿನ ಬುಟ್ಟಿ. ಹಾಸನದ ವಕೀಲೆ, ಲಂಕೇಶ್ ಪತ್ರಿಕೆಯ ಹಳೆಯ ವರದಿಗಾರ್ತಿ, ಮೂರು ದಶಕಗಳಿಂದ ನಮ್ಮ ನಡುವೆಯೇ ಕುಳಿತು ಬರೆಯುತ್ತಿದ್ದ ಹೆಂಗಸು ಒಂದೇ ರಾತ್ರಿಯಲ್ಲಿ ನಾಡಿನ ಹೆಮ್ಮೆಯಾದರು.

ಮೂರು ತಿಂಗಳು ಕಳೆಯುತ್ತಿದ್ದಂತೆ ಇನ್ನೊಂದು ಗುಂಪು ಎದ್ದಿತು. ಸರ್ಕಾರ ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಆಹ್ವಾನಿಸಿದ್ದೇ ತಡ, ಹಳೆಯ ಭಾಷಣವೊಂದರ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಟಿವಿಗಳಲ್ಲಿ ದಿನವಿಡೀ ಚರ್ಚೆ ನಡೆಯಿತು. ವಿಷಯ ನ್ಯಾಯಾಲಯಕ್ಕೂ ಹೋಯಿತು. ಸೆಪ್ಟೆಂಬರ್ 15ರಂದು ಹೈಕೋರ್ಟು, 19ರಂದು ಸುಪ್ರೀಂ ಕೋರ್ಟು ಆಕ್ಷೇಪಗಳನ್ನು ತಳ್ಳಿಹಾಕಿದವು. 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಅವರು ದಸರಾ ಉದ್ಘಾಟಿಸಿದರು. 2017ರಲ್ಲಿ ಇದೇ ಕೆಲಸವನ್ನು ಕೆ.ಎಸ್. ನಿಸಾರ್ ಅಹಮದ್ ಮಾಡಿದ್ದರು. ಆಗ ಇಷ್ಟು ಗದ್ದಲವಾಗಿರಲಿಲ್ಲ.

ಆ ಒಂದು ತಿಂಗಳ ಚರ್ಚೆಯನ್ನು ನೆನಪಿಸಿಕೊಳ್ಳಿ. ಪರವಾಗಿ ಮಾತಾಡಿದವರು ಎಷ್ಟೋ ಮಂದಿ, ವಿರುದ್ಧವಾಗಿ ಕೂಗಿದವರು ಎಷ್ಟೋ ಮಂದಿ. ಅವರಲ್ಲಿ ಒಬ್ಬರಾದರೂ ಬಾನು ಅವರ ಒಂದು ಕತೆಯ ಹೆಸರು ಹೇಳಿ, ಅದರಲ್ಲಿ ಏನಿದೆಯೆಂದು ವಿವರಿಸಿದ್ದು ನನ್ನ ಕಿವಿಗೆ ಬೀಳಲಿಲ್ಲ. ಮೆಚ್ಚಿದವರಿಗೆ ಪ್ರಶಸ್ತಿ ಸಾಕಾಯಿತು, ಮುನಿದವರಿಗೆ ಹೆಸರು ಸಾಕಾಯಿತು. ಪುಸ್ತಕ ಇಬ್ಬರಿಗೂ ಬೇಕಾಗಲಿಲ್ಲ. ಇವೆರಡೂ ಪರಸ್ಪರ ವಿರುದ್ಧವಾದ ನಿಲುವುಗಳೆಂದು ನಾವು ತಿಳಿದಿದ್ದೇವೆ. ನನ್ನ ವಾದ ಇಷ್ಟೇ: ಇವು ಎರಡಲ್ಲ, ಒಂದೇ ಕಾಯಿಲೆ. ಓದದೆ ಹೊಗಳುವವನಿಗೂ ಓದದೆ ತೆಗಳುವವನಿಗೂ ಲೇಖಕಿ ಒಂದು ಬಾವುಟ ಮಾತ್ರ. ಒಬ್ಬ ಅದನ್ನು ಹಾರಿಸುತ್ತಾನೆ, ಇನ್ನೊಬ್ಬ ಸುಡುತ್ತಾನೆ. ಬಾವುಟದ ಮೇಲೆ ಬರೆದ ಅಕ್ಷರವನ್ನು ಯಾರೂ ಓದುವುದಿಲ್ಲ.

ಬಾನು ಅವರ ಕತೆಯೆಂದರೆ ಅಳುವ ಮುಸ್ಲಿಂ ಹೆಂಗಸು, ಗಡ್ಡ ಬಿಟ್ಟ ಕ್ರೂರಿ ಗಂಡಸು ಎಂದು ತೀರ್ಮಾನಿಸಿದವರು ಎರಡೂ ಕಡೆ ಇದ್ದಾರೆ. ಇಂಗ್ಲಿಷಿನಲ್ಲಿ ‘ರೆಡ್ ಲುಂಗಿ’ ಎಂದಾದ ಕತೆಯನ್ನು ಅವರು ಓದಬೇಕು. ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗಲಾಟೆ ತಾಳಲಾರದ ತಾಯಿ, ಸಾಮೂಹಿಕ ಖತ್ನಾ, ಮನೆಮದ್ದಿನಲ್ಲೇ ಗಾಯ ಮಾಯ್ದು ಓಡಾಡುವ ಬಡವರ ಹುಡುಗ, ಡಾಕ್ಟರ ಉಪಚಾರವಿದ್ದೂ ನರಳುವ ಶ್ರೀಮಂತರ ಹುಡುಗ. ನಗು ತಡೆಯಲಾಗದ ಕತೆ. ಆ ನಗುವಿನ ಒಳಗೆ ಬಡವ ಬಲ್ಲಿದರ ಲೆಕ್ಕ ನಡೆದೇ ಇರುತ್ತದೆ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರವಾದ ‘ಕರಿನಾಗರಗಳು’ ಕತೆಯಲ್ಲಿ ಗಂಡ ಬಿಟ್ಟ ಹೆಂಗಸೊಬ್ಬಳು ಮಕ್ಕಳೊಂದಿಗೆ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಅವಳು ಕೇಳುವುದು ಧರ್ಮವನ್ನು ಬಿಡುವ ಹಕ್ಕನ್ನಲ್ಲ, ಧರ್ಮವೇ ತನಗೆ ಕೊಟ್ಟ ಹಕ್ಕನ್ನು. ಅವಳ ಮತ್ತು ನ್ಯಾಯದ ನಡುವೆ ಅಡ್ಡ ನಿಂತವನು ಮುತವಲ್ಲಿ. ಇದನ್ನು ಓದಿದ ಮೇಲೆ ಬಾನು ಇಸ್ಲಾಮಿನ ವಿರೋಧಿ ಎಂದು ನಮ್ಮವರಾಗಲಿ, ನಮ್ಮ ವಿರುದ್ಧದ ಸಾಕ್ಷಿ ಎಂದು ಅವರಾಗಲಿ ಹೇಳಲು ಹೇಗೆ ಸಾಧ್ಯ?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಓದುಗರಲ್ಲಿ ಅನೇಕರಿಗೆ ಸಂತೋಷವಾಗುತ್ತದೆ. ಟಿವಿಯಲ್ಲಿ ಕೂಗಿದವರಿಗೆ ಸರಿಯಾಗಿ ಹೇಳಿದಿರಿ ಎಂದು ಬೆನ್ನು ತಟ್ಟುತ್ತಾರೆ. ಆದರೆ ಓದದೆ ಮುನಿಯುವ ಕೆಲಸ 2025ರ ಸೆಪ್ಟೆಂಬರಿನಲ್ಲಿ ಶುರುವಾದದ್ದಲ್ಲ. ಅದನ್ನು ನಾವು ಮೊದಲೇ, ನಮ್ಮ ಮನೆಯೊಳಗೇ ಮಾಡಿ ಮುಗಿಸಿದ್ದೇವೆ.

ಇದೇ ಬಾನು ಮುಷ್ತಾಕ್ 2000ನೇ ಇಸವಿಯಲ್ಲಿ ಮಸೀದಿಗೆ ಹೆಣ್ಣುಮಕ್ಕಳ ಪ್ರವೇಶದ ಪರವಾಗಿ ಮಾತಾಡಿದಾಗ ಅವರ ಮೇಲೆ ಸಾಮಾಜಿಕ ಬಹಿಷ್ಕಾರ ಹೇರಿದವರು ಯಾರು? ಹೊರಗಿನವರಲ್ಲ. 2025ರಲ್ಲಿ ಅವರ ಭಾವಚಿತ್ರದ ಫ್ಲೆಕ್ಸ್ ಕಟ್ಟಿ ‘ನಮ್ಮ ಸಮುದಾಯದ ಹೆಮ್ಮೆ’ ಎಂದು ಬರೆಸಿದ ನಾವು, ಆ ಬಹಿಷ್ಕಾರದ ಬಗ್ಗೆ ಒಂದು ಸಾಲಿನ ವಿಷಾದವನ್ನೂ ಬರೆಸಲಿಲ್ಲ. ಫ್ಲೆಕ್ಸ್‌ನಲ್ಲಿ ಜಾಗ ಸಾಲಲಿಲ್ಲವೇನೋ.

ಅದಕ್ಕೂ ಹಿಂದಿನದು ಸಾರಾ ಅಬೂಬಕ್ಕರ್ ಅವರ ಕತೆ. ಕಾಸರಗೋಡಿನಲ್ಲಿ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಮೊದಮೊದಲ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ತಂದೆಯ ಹಠ, ತಲಾಖ್, ಮತ್ತೆ ಗಂಡನನ್ನು ಸೇರಬೇಕಾದರೆ ವಿಧಿಸುವ ಷರತ್ತು ಇವುಗಳ ನಡುವೆ ನಲುಗಿ ಹೋಗುತ್ತಾಳೆ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ನಮ್ಮವರೇ ಗಲಾಟೆಯೆಬ್ಬಿಸಿ ಸಾರಾ ಅವರಿಗೆ ಮಾತಾಡಲು ಬಿಡಲಿಲ್ಲ. ಆ ಗಲಾಟೆಯಲ್ಲಿದ್ದವರಲ್ಲಿ ಕಾದಂಬರಿಯನ್ನು ಕೊನೆಯವರೆಗೆ ಓದಿದವರು ಎಷ್ಟಿದ್ದಿರಬಹುದು?

1985 ಎಂದರೆ ಶಾಬಾನು ತೀರ್ಪು ಬಂದ ವರ್ಷ. ಅಲ್ಲಿಂದ ಮೂವತ್ತೆರಡು ವರ್ಷ ಎಣಿಸಿದರೆ 2017. ಆ ವರ್ಷದ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಖನ್ನು ರದ್ದು ಮಾಡಿತು. 2019ರಲ್ಲಿ ಗಂಡನನ್ನು ಜೈಲಿಗೆ ಕಳಿಸುವ ಕಾಯ್ದೆ ಬಂತು. ನಾವು ಆಗ ‘ಇದು ನಮ್ಮ ಮನೆಯ ವಿಷಯ, ಹೊರಗಿನವರಿಗೆ ಏನು ಕೆಲಸ’ ಎಂದೆವು. ಮನೆಯ ವಿಷಯವನ್ನು ಮನೆಯ ಮಗಳೇ ಕನ್ನಡದಲ್ಲಿ, ನಮ್ಮದೇ ನುಡಿಗಟ್ಟಿನಲ್ಲಿ ಬರೆದು ಕೈಗೆ ಕೊಟ್ಟಿದ್ದಳಲ್ಲ, ಆಗ ಏನು ಮಾಡಿದೆವು? ಮನೆಯವರು ಎತ್ತಿದ ಪ್ರಶ್ನೆಯನ್ನು ಮನೆಯೊಳಗೆ ಚರ್ಚಿಸದಿದ್ದರೆ ಅದು ಒಂದು ದಿನ ಬೀದಿಗೆ ಬರುತ್ತದೆ. ಬೀದಿಯಲ್ಲಿ ಅದನ್ನು ಎತ್ತಿಕೊಳ್ಳುವವರಿಗೆ ನಾದಿರಾಳ ಮೇಲೆ ಕನಿಕರ ಇರಬೇಕೆಂದೇನೂ ಇಲ್ಲ. ಒಂದು ಕಾದಂಬರಿಯನ್ನು ಓದದೆ ಬಿಟ್ಟುದಕ್ಕೆ ಒಂದು ಸಮುದಾಯ ತೆತ್ತ ಬೆಲೆ ಇದು. ಸಾರಾ ಅವರು 2023ರ ಜನವರಿ 10ರಂದು ತೀರಿಕೊಂಡರು. ಸಂತಾಪ ಸೂಚಿಸಲು ನಮಗೆ ಪುಸ್ತಕ ಓದಿರಬೇಕಾದ ಅಗತ್ಯ ಬೀಳಲಿಲ್ಲ.

ಇದಕ್ಕೆ ನಮ್ಮಲ್ಲಿ ಒಂದು ಉತ್ತರ ಸಿದ್ಧವಾಗಿದೆ. ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ‘ಸಮುದಾಯದ ಮೇಲೆ ನಾಲ್ಕೂ ಕಡೆಯಿಂದ ಏಟು ಬೀಳುತ್ತಿರುವಾಗ ಮನೆಯ ಹುಳುಕನ್ನು ಹೊರಗಿನವರಿಗೆ ತೋರಿಸಬೇಕೆ? ಇವರು ಬರೆದದ್ದನ್ನೇ ಹಿಡಿದು ಅವರು ನಮ್ಮನ್ನು ಹೊಡೆಯುತ್ತಾರಲ್ಲ’ ಎಂಬುದು ಆ ಮಾತು. ಈ ಭಯ ಸುಳ್ಳಲ್ಲ. ಒಂದು ಕತೆಯಿಂದ ಒಂದು ಪುಟ ಹರಿದು ಅದನ್ನು ಇಡೀ ಸಮುದಾಯದ ಹಣೆಗೆ ಅಂಟಿಸುವವರು ಇದ್ದಾರೆ. ಆದರೆ ಹರಿದ ಒಂದು ಪುಟಕ್ಕೆ ಉತ್ತರ ಪುಸ್ತಕವನ್ನೇ ಮುಚ್ಚಿಡುವುದಲ್ಲ, ಇಡೀ ಪುಸ್ತಕವನ್ನು ತೆರೆದು ಓದಿಸುವುದು. ನಾವು ಓದಿದ್ದರೆ ತಾನೆ, ಅವರು ಹರಿದ ಪುಟದ ಹಿಂದಿನ ಪುಟದಲ್ಲಿ ಏನಿತ್ತೆಂದು ಹೇಳಲು ನಮಗೆ ಬಾಯಿ ಇರುವುದು?

ಇಲ್ಲಿ ಕನ್ನಡದ ಸಾಹಿತ್ಯ ವಲಯಕ್ಕೂ ಒಂದು ಮಾತು ಹೇಳಬೇಕು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂತು. ಅಗ್ರಹಾರದ ಒಳಗನ್ನು ಅದು ಯಾವ ಮುಲಾಜೂ ಇಲ್ಲದೆ ತೆರೆದಿಟ್ಟಿತು. ಅದಕ್ಕೆ ವಿರೋಧವೂ ಬಂತು. ಅದರ ಮೇಲೆ ತೆಗೆದ ಸಿನಿಮಾವನ್ನು ಸೆನ್ಸಾರಿನವರು ಮೊದಲು ತಡೆದರು. ಕೊನೆಗೆ 1970ರ ಅತ್ಯುತ್ತಮ ಚಿತ್ರವೆಂದು ಅದಕ್ಕೇ ಸ್ವರ್ಣಕಮಲ ಸಂದಿತು. ಇವತ್ತು ‘ಸಂಸ್ಕಾರ’ವನ್ನು ಓದಿ ಬ್ರಾಹ್ಮಣ ಸಮುದಾಯದ ಬಗ್ಗೆ ಪೊಲೀಸ್ ವರದಿ ಓದಿದಂತೆ ಯಾರೂ ಮಾತಾಡುವುದಿಲ್ಲ. ಪ್ರಾಣೇಶಾಚಾರ್ಯನ ಸಂಕಟವನ್ನು ಮನುಷ್ಯನ ಸಂಕಟ ಎನ್ನುತ್ತೇವೆ. ಹಾಗಿದ್ದರೆ ನಾದಿರಾಳ ಸಂಕಟ ಮಾತ್ರ ಯಾಕೆ ‘ಮುಸ್ಲಿಂ ಮಹಿಳೆಯ ಸಮಸ್ಯೆ’? ಒಬ್ಬರು ತನ್ನ ಜಾತಿಯನ್ನು ವಿಮರ್ಶಿಸಿದರೆ ಅದು ಸಾಹಿತ್ಯ, ಇನ್ನೊಬ್ಬರು ತನ್ನ ಮತವನ್ನು ವಿಮರ್ಶಿಸಿದರೆ ಅದು ಸಾಕ್ಷ್ಯ. ಈ ಭೇದ ಕನ್ನಡದ ಓದಿನಲ್ಲಿ ಇರುವವರೆಗೆ ನಮ್ಮವರ ಭಯವೂ ಹೋಗುವುದಿಲ್ಲ.

ವರ್ಷಾಂತ್ಯದ ಪಟ್ಟಿಗಳಲ್ಲೂ ಇದೇ ಗೂಡುಗಳಿವೆ. ಕತೆ ಎಂಬುದು ಒಂದು ಗೂಡು, ‘ಮುಸ್ಲಿಂ ಸಂವೇದನೆಯ ಕತೆ’ ಎಂಬುದು ಪಕ್ಕದ ಸಣ್ಣ ಗೂಡು. ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿ, ‘ಸ್ವಾತಂತ್ರ್ಯದ ಓಟ’ದಲ್ಲಿ ದೇಶ ವಿಭಜನೆಯಿಂದ ಹಿಡಿದು ಈಚಿನವರೆಗಿನ ಕಾಲವನ್ನೇ ಹಿಡಿದಿಟ್ಟರೂ ಅವರಿಗೆ ಕೊಡುವ ವಿಶೇಷಣ ಬದಲಾಗುವುದಿಲ್ಲ. ರಹಮತ್ ತರೀಕೆರೆಯವರು ಸೂಫಿಗಳ ಮೇಲೆ ಬರೆದರೆ ಸಹಜ ಎನ್ನುವವರು, ನಾಥಪಂಥದ ಮೇಲೆ ಬರೆದಾಗ ಹುಬ್ಬೇರಿಸುತ್ತಾರೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಕನ್ನಡ ಸಾಹಿತ್ಯ ಸಮ್ಮೇಳನದ ಆಹ್ವಾನಪತ್ರಿಕೆ ಬಂದಾಗ ಮುಸ್ಲಿಂ ಬರಹಗಾರರನ್ನು ಕಡೆಗಣಿಸಲಾಗಿದೆ ಎಂಬ ದೂರು ಎದ್ದಿತು. ಅದನ್ನು ಪ್ರತಿಭಟಿಸಿ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. 2025ರಲ್ಲಿ ಮೊಬೈಲುಗಳಲ್ಲಿ ಹರಿದಾಡಿದ ಬಾನು ಅವರ ಭಾಷಣದ ತುಣುಕು ಆ ವೇದಿಕೆಯದೇ. ತುಣುಕನ್ನು ಹಂಚಿದವರು ಆ ವೇದಿಕೆಯನ್ನು ಯಾಕೆ ಕಟ್ಟಬೇಕಾಯಿತು ಎಂಬುದನ್ನು ಹೇಳಲಿಲ್ಲ. ಹೊರಗಿಟ್ಟದ್ದಕ್ಕೆ ಆಡಿದ ಮಾತನ್ನು ಹಿಡಿದು ಮತ್ತೆ ಹೊರಗಿಡಬೇಕೆಂದು ಕೂಗುವುದು ಎಂಥ ನ್ಯಾಯ?

ಇನ್ನು, ‘ನಮ್ಮವರಿಗೆ ಓದುವ ಸಂಸ್ಕೃತಿಯೇ ಇಲ್ಲ’ ಎಂದು ವೇದಿಕೆಯಲ್ಲಿ ಮರುಗುವವರ ಮಾತು. ಹೀಗೆ ಮರುಗುವವರು ಮೊದಲು ಪವಿತ್ರ ಗ್ರಂಥದ ಮೊದಲ ಆದೇಶವೇ ಓದುವುದರ ಬಗ್ಗೆ ಎಂದು ನೆನಪಿಸುತ್ತಾರೆ, ಆಮೇಲೆ ಸಮುದಾಯವನ್ನು ಬೈಯುತ್ತಾರೆ, ಆಮೇಲೆ ಬಿರಿಯಾನಿ ಊಟಕ್ಕೆ ಏಳುತ್ತಾರೆ. ಈ ಮಾತು ಸುಳ್ಳು. ಕರಾವಳಿಯ ಬ್ಯಾರಿ ಮನೆಗಳಲ್ಲಿ ಮಗ್ರಿಬ್ ನಮಾಜಿನ ನಂತರ ಹೆಂಗಸರು ಸುತ್ತ ಕುಳಿತು ಮಾಲೆಗಳನ್ನು ಹಾಡುತ್ತಿದ್ದರು. ಅರಬಿ ಮಲಯಾಳದ ಮುಹಿಯುದ್ದೀನ್ ಮಾಲೆ 1607ರಷ್ಟು ಹಳೆಯದು. ಅಕ್ಷರ ಬಲ್ಲ ಒಬ್ಬಳಿದ್ದರೆ ಹತ್ತು ಮನೆಯ ಹೆಂಗಸರಿಗೆ ಪುಸ್ತಕ ದಕ್ಕುತ್ತಿತ್ತು. ಉತ್ತರ ಕರ್ನಾಟಕದ ಮೊಹರಂನಲ್ಲಿ ರಿವಾಯತ್ ಪದಗಳನ್ನು ಕನ್ನಡದಲ್ಲೇ ಕಟ್ಟಿ, ಹಿಂದೂ ಮುಸ್ಲಿಮರು ಒಟ್ಟಿಗೆ ಹಾಡುತ್ತ ಬಂದಿದ್ದಾರೆ. ತರೀಕೆರೆಯವರ ‘ಕರ್ನಾಟಕದ ಮೊಹರಂ’ ಓದಿದವರಿಗೆ ಇದು ಗೊತ್ತು. ನಮ್ಮ ನೆರೆಯ ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿ ಒಬ್ಬ ಕೆಲಸಗಾರ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಬೀಡಿ ಕಟ್ಟುತ್ತ ಕೇಳುತ್ತಿದ್ದರು. ಅವನ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುತ್ತಿದ್ದರು. ಹಂಚಿಕೊಂಡು ಓದುವುದು ಎಂದರೆ ಇದು. ಈ ಪದ್ಧತಿ ನಮ್ಮಲ್ಲಿತ್ತು. ಅದನ್ನು ಕಳೆದುಕೊಂಡದ್ದು ಹೇಗೆಂದು ಯೋಚಿಸುವ ಬದಲು, ಮೊದಲೇ ಇರಲಿಲ್ಲ ಎಂದು ಕೈ ತೊಳೆದುಕೊಳ್ಳುವುದು ಸುಲಭ.

‘ನಮ್ಮ ಭಾಷೆ ಉರ್ದು, ನಮ್ಮ ಭಾಷೆ ಬ್ಯಾರಿ, ಕನ್ನಡ ಪುಸ್ತಕ ನಮಗೆ ಹೇಗೆ ಹತ್ತಿರವಾದೀತು’ ಎನ್ನುವವರೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ಈ ರಾಜ್ಯದಲ್ಲಿ ಮುಸ್ಲಿಮರ ಸಂಖ್ಯೆ ಸುಮಾರು 79 ಲಕ್ಷ. ಮನೆಯಲ್ಲಿ ಯಾವ ಮಾತಾಡಿದರೂ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಅಕ್ಷರ ಕಲಿತದ್ದು, ಕಲಿಯುತ್ತಿರುವುದು ಕನ್ನಡ ಶಾಲೆಯಲ್ಲಿ. ಸಾಮಾನ್ಯವಾಗಿ ಒಂದು ಕನ್ನಡ ಪುಸ್ತಕ ಅಚ್ಚಾಗುವುದು ಸಾವಿರ ಪ್ರತಿ. 79 ಲಕ್ಷ ಜನರ ನಡುವೆ ಒಂದು ಕಥಾಸಂಕಲನದ ಸಾವಿರ ಪ್ರತಿ ಕರಗದೆ ಉಳಿಯುವುದಾದರೆ ಅದಕ್ಕೆ ಭಾಷೆಯನ್ನು ದೂರಿ ಪ್ರಯೋಜನವಿಲ್ಲ.

ದೂರುವವರ ಎದುರಿಗೆ ಮೈಸೂರಿನ ಸೈಯದ್ ಇಸಾಕ್ ಅವರನ್ನು ನಿಲ್ಲಿಸಬೇಕು. ಶಾಲೆಯ ಓದು ದಕ್ಕದ, ಕೂಲಿ ಮಾಡಿ ಬದುಕುವ ಮನುಷ್ಯ. ಮುಸ್ಲಿಮರೇ ಹೆಚ್ಚಾಗಿರುವ ರಾಜೀವನಗರದಲ್ಲಿ 2011ರಿಂದ ಸಾರ್ವಜನಿಕ ಗ್ರಂಥಾಲಯ ನಡೆಸಿದರು. ತನ್ನ ದುಡಿಮೆಯ ಹಣದಿಂದ ದಿನಪತ್ರಿಕೆಗಳನ್ನು ತರಿಸಿದರು. ಅಲ್ಲಿದ್ದ ಸುಮಾರು 11 ಸಾವಿರ ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದವು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟುತ್ತೇನೆ ಎಂದರು ಇಸಾಕ್. ಊರೂರಿಂದ ಜನ ಹಣ, ಪುಸ್ತಕ ಕೊಡಲು ಮುಂದೆ ಬಂದರು. ತಾನು ಓದಲಾಗದಿದ್ದುದನ್ನು ಇತರರಾದರೂ ಓದಲಿ ಎಂದು ಕಟ್ಟಿದ ಗ್ರಂಥಾಲಯ ಅದು. ನಮ್ಮ ನಾಡಿನ ಮೆಚ್ಚಿನ ಪುಸ್ತಕಗಳ ಪಟ್ಟಿ ಕೇಳುವವರು ಇಸಾಕ್ ಅವರನ್ನು ಎಂದಾದರೂ ಕೇಳಿದ್ದಾರೆಯೇ? ಅವರ ಬಳಿ ನಿಜವಾದ ಪಟ್ಟಿ ಇರುತ್ತದೆ. ಯಾವ ಪುಸ್ತಕವನ್ನು ಜನ ಮತ್ತೆ ಮತ್ತೆ ಕೇಳಿಕೊಂಡು ಬರುತ್ತಾರೆ, ಯಾವುದು ಮುಟ್ಟುವವರಿಲ್ಲದೆ ಧೂಳು ತಿನ್ನುತ್ತದೆ ಎಂಬುದು ಗ್ರಂಥಾಲಯ ನಡೆಸುವವರಿಗೆ ಗೊತ್ತಿರುವಷ್ಟು ವಿಮರ್ಶಕರಿಗೂ ಗೊತ್ತಿರುವುದಿಲ್ಲ.

ಒಬ್ಬ ಕೂಲಿಯಾಳು ಹೀಗೆ ಹೊರೆ ಹೊರಬೇಕಾದದ್ದು ಸರ್ಕಾರಕ್ಕೆ ಗೌರವ ತರುವ ಸಂಗತಿಯಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಹಿಂದೂ ಮುಸ್ಲಿಂ ಎನ್ನದೆ, ಓದುವವರು ಓದದವರು ಎನ್ನದೆ ಎಲ್ಲರೂ ಕಟ್ಟುತ್ತಾರೆ. ವಸೂಲಾದ ಈ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಮತ್ತೆ ಮತ್ತೆ ಬಂದಿದೆ. ಪುಸ್ತಕ ಖರೀದಿ ತಡವಾಗುತ್ತದೆಂದು ಪ್ರಕಾಶಕರು ದೂರುತ್ತಲೇ ಬಂದಿದ್ದಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಮುಂದೆ ‘ಅರಿವು ಕೇಂದ್ರ’ಗಳಾದವು. ಹೆಸರು ಚೆನ್ನಾಗಿದೆ. ಪ್ರಶಸ್ತಿ ಬಂದ ಲೇಖಕಿಗೆ ಸನ್ಮಾನ ಮಾಡುವ ಸರ್ಕಾರ ಆಕೆಯ ಕನ್ನಡ ಕಥಾಸಂಕಲನವನ್ನು ಪ್ರತಿ ಅರಿವು ಕೇಂದ್ರದ ಕಪಾಟಿನಲ್ಲಿ ಇಟ್ಟಿದ್ದರೆ, ಅದು ದಸರಾ ಆಹ್ವಾನಕ್ಕಿಂತ ದೊಡ್ಡ ಗೌರವವಾಗುತ್ತಿತ್ತು. ಆಗ ಹಳ್ಳಿಯ ಹುಡುಗಿಯೊಬ್ಬಳು ಟಿವಿಯ ಗದ್ದಲವನ್ನು ಬದಿಗಿಟ್ಟು ತಾನೇ ಓದಿ ತೀರ್ಮಾನಿಸುತ್ತಿದ್ದಳು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಟ್ಟಿಯನ್ನೂ ಕೊಡಬೇಕಾಗುತ್ತದೆ. ಹೊಸ ಪುಸ್ತಕಗಳ ಪಟ್ಟಿಯಲ್ಲ ಇದು. ಕಳೆದ ವರ್ಷ ಮತ್ತೆ ಓದಿ, ಇನ್ನೊಬ್ಬರ ಕೈಗೆ ದಾಟಿಸಿದವು.

‘ಚಂದ್ರಗಿರಿಯ ತೀರದಲ್ಲಿ’ಯನ್ನು ನಮ್ಮ ಮಸೀದಿಯ ತರುಣ ಮೌಲವಿಯೊಬ್ಬರಿಗೆ ಕೊಟ್ಟೆ. ಎರಡು ವಾರ ಬಿಟ್ಟು ಮರಳಿಸಿದರು. ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನ ಗೀಟು. ‘ಶರೀಅತ್ತಿನ ವಿಷಯದಲ್ಲಿ ಲೇಖಕಿ ಹೇಳಿದ್ದಕ್ಕೆ ಮೂರು ಕಡೆ ನನ್ನ ತಕರಾರಿದೆ. ಆ ಹುಡುಗಿಯ ವಿಷಯದಲ್ಲಿ ತಕರಾರಿಲ್ಲ’ ಎಂದರು. ನಲವತ್ತು ವರ್ಷಗಳ ಹಿಂದೆ ಪುತ್ತೂರಿನಲ್ಲಿ ಯಾರಾದರೂ ಒಬ್ಬರು ಎದ್ದು ಇಷ್ಟು ಹೇಳಿದ್ದರೆ ಸಾಕಿತ್ತು. ತಕರಾರು ಮಾಡಲಿ. ಓದಿದವನ ತಕರಾರು ಲೇಖಕನಿಗೆ ಸಲ್ಲುವ ಮೊದಲ ಮರ್ಯಾದೆ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಪಕ್ಕದ ಮನೆಯ ಖಾಲಾಗೆ ಅವರ ಮೊಮ್ಮಗಳು ದಿನಕ್ಕಿಷ್ಟು ಎಂದು ಓದಿ ಹೇಳಿದಳು. ಬಾಲವಿಧವೆಯಾದ ಬ್ರಾಹ್ಮಣ ಹೆಣ್ಣುಮಗಳ ಕತೆ. ಪುಸ್ತಕ ವಾಪಸು ಕೊಡುವಾಗ ಖಾಲಾ ಕೇಳಿದ್ದು: ‘ಇದು ಬ್ರಾಂಬ್ರ ಮನೆ ಕತೆ ಅಂದ್ರಿ. ನಮ್ಮ ಇದ್ದತ್ತಿನ ಕೋಣೆ ಇದರೊಳಗೆ ಹೆಂಗೆ ಬಂತು?’ ‘ಫಣಿಯಮ್ಮ’ನ ಮೇಲೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಹಾಗೆಯೇ ನಾದಿರಾಳ ಕತೆಯನ್ನು ಓದಿ ‘ನಮ್ಮ ಮನೆಯ ನಡುಮನೆ ಇದರಲ್ಲಿ ಹೇಗೆ ಬಂತು’ ಎಂದು ಕೇಳುವ ಹಿಂದೂ ಅಜ್ಜಿಯೊಬ್ಬರು ಬೇಕು. ಅವರ ಕೈಗೆ ಆ ಪುಸ್ತಕವನ್ನು ತಲುಪಿಸುವವರು ಯಾರು?

ದೇವನೂರ ಮಹಾದೇವರ ‘ಒಡಲಾಳ’ವನ್ನು ಕಾಲೇಜಿಗೆ ಹೋಗುವ ಹುಡುಗನಿಗೆ ಕೊಟ್ಟೆ. ದಿನಕ್ಕೆ ಏಳೆಂಟು ಗಂಟೆ ಮೊಬೈಲು ನೋಡುವವನು. ಕಳೆದುಹೋದ ಹುಂಜ ಹುಡುಕುವ ಸಾಕವ್ವ, ರಾತ್ರಿಯೆಲ್ಲ ಕುಳಿತು ಕಡಲೆಕಾಯಿ ತಿನ್ನುವ ಮನೆ, ಬೆಳಗಾದರೆ ಬಾಗಿಲಿಗೆ ಬರುವ ಪೊಲೀಸು. ಓದಿ ಮುಗಿಸಿ ಅವನು ಹೆಚ್ಚೇನೂ ಹೇಳಲಿಲ್ಲ, ಇಂಥದ್ದು ಇನ್ನೊಂದಿದ್ದರೆ ಕೊಡಿ ಎಂದ. ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಪ್ರತಿ ನನ್ನ ಬಳಿ ಇಲ್ಲ. ಪ್ರತಿ ವರ್ಷ ಉರುಸಿಗೆ ತಪ್ಪದೆ ಬರುವ ನಿವೃತ್ತ ಲಿಂಗಾಯತ ಮೇಷ್ಟರೊಬ್ಬರು ಒಯ್ದವರು, ಅದನ್ನು ತಮ್ಮ ಬೀಗರಿಗೆ ಕೊಟ್ಟಿದ್ದಾರಂತೆ, ಬೀಗರು ಮತ್ತಾರಿಗೋ ಕೊಟ್ಟಿದ್ದಾರಂತೆ. ಪುಸ್ತಕ ಊರು ಬಿಟ್ಟಿದೆ. ನಾನು ಅದನ್ನು ವಾಪಸು ಕೇಳುವುದಿಲ್ಲ.

ಪುಸ್ತಕ ಹಂಚಿಕೊಳ್ಳುವುದೆಂದರೆ ಮುಖಪುಟದ ಫೋಟೋವನ್ನು ಹಂಚಿಕೊಳ್ಳುವುದಲ್ಲ. ಮೆಚ್ಚಿದೆ ಎಂದು ಹೇಳುವುದಕ್ಕೆ ಖರ್ಚಿಲ್ಲ. ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಖರ್ಚಿದೆ. ಪುಸ್ತಕ ಕಳೆದುಹೋಗಬಹುದು, ಓದಿದವರು ಜಗಳಕ್ಕೆ ಬರಬಹುದು. ಆ ಜಗಳಕ್ಕೆ ಸಿದ್ಧರಿಲ್ಲದವರು ಮೆಚ್ಚಿನ ಪಟ್ಟಿಯನ್ನೂ ಕೊಡಬಾರದು.

ಆದ್ದರಿಂದ ಪುರವಣಿಗಳ ಸಂಪಾದಕರಲ್ಲಿ ಒಂದು ವಿನಂತಿ. ಬರುವ ಡಿಸೆಂಬರಿನಲ್ಲಿ ‘ಯಾವ ಪುಸ್ತಕ ಮೆಚ್ಚಿದಿರಿ’ ಎಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಸೇರಿಸಿ: ಅದನ್ನು ದುಡ್ಡು ಕೊಟ್ಟು ಕೊಂಡಿರೋ, ಗ್ರಂಥಾಲಯದಿಂದ ತಂದಿರೋ, ಲೇಖಕರೇ ಕಳಿಸಿದರೋ? ಓದಿದ ಮೇಲೆ ಯಾರಿಗೆ ಕೊಟ್ಟಿರಿ? ಪಟ್ಟಿಗಳು ಅರ್ಧಕ್ಕರ್ಧ ಸಣ್ಣದಾಗುತ್ತವೆ. ಆದರೆ ಅಷ್ಟೂ ನಿಜವಾಗಿರುತ್ತವೆ.

ನಮ್ಮ ಜಮಾಅತ್ ಕಮಿಟಿಗಳಲ್ಲಿಯೂ ಒಂದು ವಿನಂತಿ. ಮದುವೆ ಹಾಲ್‌ಗೆ, ಗೇಟಿಗೆ, ಮಿನಾರದ ದೀಪಕ್ಕೆ ಖರ್ಚು ಬರೆಯುವ ವಾರ್ಷಿಕ ಲೆಕ್ಕಪತ್ರದಲ್ಲಿ ಪುಸ್ತಕಕ್ಕೂ ಒಂದು ಸಾಲು ಇರಲಿ. ಒಂದು ಕೋಣೆ, ಎರಡು ಕಪಾಟು, ಒಂದು ಬೆಂಚು. ಧಾರ್ಮಿಕ ಪುಸ್ತಕಗಳ ಜೊತೆಗೆ ಕತೆ, ಕಾದಂಬರಿ, ಚರಿತ್ರೆಯೂ ಇರಲಿ. ಹೆಣ್ಣುಮಕ್ಕಳು ಬಂದು ಕೂರುವುದಕ್ಕೆ ಅನುಕೂಲವಿರಲಿ, ನೆರೆಯ ಹಿಂದೂ ಮಕ್ಕಳಿಗೂ ಬಾಗಿಲು ತೆರೆದಿರಲಿ. ಮೊದಲ ಕಪಾಟಿನಲ್ಲಿ, ಕಣ್ಣಿಗೆ ಕಾಣುವ ಸಾಲಿನಲ್ಲಿ ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಇರಲಿ. ಅವರು ಬರೆದದ್ದು ಸರಿಯಲ್ಲ ಎನ್ನುವವರು ಬರಲಿ, ಬೆಂಚಿನ ಮೇಲೆ ಕೂರಲಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲಿ. ಆಮೇಲೆ ಎದ್ದು ನಿಂತು ಮಾತಾಡಲಿ, ಕೇಳೋಣ.